ತತ್ತ್ವಶಾಸ್ತ್ರದ ಪದವೀಧರ ಕನ್ನಡ ತರಗತಿಗೆ ಬಂದ ವರ್ಷ

ಪ್ರತಿವರ್ಷ ದ್ವಿತೀಯ ಪಿಯುಸಿ ಫಲಿತಾಂಶ ಹೊರಬಿದ್ದ ಬೆನ್ನಲ್ಲೇ ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯ ಮನೆಗಳಲ್ಲಿ ಒಂದೇ ಪ್ರಶ್ನೆ ಏಳುತ್ತದೆ. ಪದವಿಗೆ ಯಾವ ವಿಷಯ ತೆಗೆದುಕೊಳ್ಳಬೇಕು? ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರವೋ, ಇಲ್ಲ ಇತಿಹಾಸ, ಅರ್ಥಶಾಸ್ತ್ರ, ಕನ್ನಡವೋ? ಕೊನೆಗೆ ಇವುಗಳಲ್ಲಿ ಯಾವುದನ್ನು ಹಿಡಿದು ಮುಂದಕ್ಕೆ ಹೋಗಬೇಕು? ಪದವಿಯ ಚೌಕಟ್ಟು ಈಚಿನ ವರ್ಷಗಳಲ್ಲಿ ಹಲವು ಸಲ ಬದಲಾಗಿದೆ. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಅನ್ವಯ ನಾಲ್ಕು ವರ್ಷದ ಪದವಿ ಬಂದಿತು. 2024-25ರಿಂದ ರಾಜ್ಯ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಚೌಕಟ್ಟು ಬದಲಾದರೂ ಹದಿನೆಂಟರ ವಯಸ್ಸಿನ ಹುಡುಗ ಹುಡುಗಿಯರ ಗೊಂದಲ ಬದಲಾಗಿಲ್ಲ. ಹಲವು ವಿಷಯಗಳ ಮೇಲೆ ಮನಸ್ಸು ಹರಿದಾಡುವವರಿಗಂತೂ ಒಂದನ್ನು ಆರಿಸುವುದೆಂದರೆ ಉಳಿದವನ್ನು ಕಳೆದುಕೊಂಡಂತೆಯೇ ಅನಿಸುತ್ತದೆ.

ಈ ಸೀಮೆಯ ಪದವಿ ಕಾಲೇಜುಗಳು ಸೇರಿರುವ ವಿಶ್ವವಿದ್ಯಾನಿಲಯದ ಹೆಸರೇ ಈ ಪ್ರಶ್ನೆಗೆ ಒಂದು ಹಳೆಯ ಉತ್ತರವನ್ನು ನೆನಪಿಸುತ್ತದೆ. 1987ರಲ್ಲಿ ಶಿವಮೊಗ್ಗೆಯ ಬಳಿ ಸ್ಥಾಪನೆಯಾದ ಆ ವಿಶ್ವವಿದ್ಯಾನಿಲಯಕ್ಕೆ ಕುವೆಂಪು ಅವರ ಹೆಸರಿದೆ. ಕುವೆಂಪು ಎಂದರೆ ಮಹಾಕವಿ, ಕಾದಂಬರಿಕಾರ, ನಾಟಕಕಾರ ಎಂಬುದು ಶಾಲೆಯ ಮಕ್ಕಳಿಗೂ ತಿಳಿದ ಸಂಗತಿ. ಆದರೆ ಇಪ್ಪತ್ತೆರಡರ ವಯಸ್ಸಿನಲ್ಲಿ ಅವರೂ ಇದೇ ಕವಲುದಾರಿಯಲ್ಲಿ ನಿಂತಿದ್ದರು. ಕೈಯಲ್ಲಿದ್ದುದು ತತ್ತ್ವಶಾಸ್ತ್ರದ ಬಿ.ಎ. ಪದವಿ. ಬರೆಯಲು ತೊಡಗಿದ್ದು ಇಂಗ್ಲಿಷಿನಲ್ಲಿ. ಸೇರಿದ್ದು ಕನ್ನಡ ಎಂ.ಎ. ತರಗತಿಗೆ. ಆಗಷ್ಟೇ ಬಾಗಿಲು ತೆರೆದಿದ್ದ, ಮುಂದೇನು ಎಂಬುದು ಯಾರಿಗೂ ಖಚಿತವಿಲ್ಲದಿದ್ದ ತರಗತಿಯದು.

ಕಡೂರು ಜಿಲ್ಲೆಯ ಹುಡುಗ

ಕುಪ್ಪಳ್ಳಿ ವೆಂಕಟಪ್ಪ ಪುಟ್ಟಪ್ಪ ಜನಿಸಿದ್ದು 1904ರ ಡಿಸೆಂಬರ್ 29ರಂದು, ತಾಯಿಯ ತವರಾದ ಹಿರೇಕೊಡಿಗೆಯಲ್ಲಿ. ಕೊಪ್ಪ ತಾಲ್ಲೂಕಿನ ಆ ಊರು ಆಗ ಕಡೂರು ಜಿಲ್ಲೆಗೆ ಸೇರಿತ್ತು. ಇಂದಿನ ಚಿಕ್ಕಮಗಳೂರು ಜಿಲ್ಲೆಗೆ 1947ರವರೆಗೂ ಇದ್ದ ಹೆಸರು ಕಡೂರು ಜಿಲ್ಲೆ ಎಂದೇ. ಜಿಲ್ಲಾ ಕೇಂದ್ರ ಹತ್ತೊಂಬತ್ತನೆಯ ಶತಮಾನದಲ್ಲೇ ಚಿಕ್ಕಮಗಳೂರಿಗೆ ಹೋಗಿದ್ದರೂ ಸರ್ಕಾರಿ ಕಾಗದಪತ್ರಗಳಲ್ಲಿ ಕಡೂರಿನ ಹೆಸರು ಉಳಿದುಕೊಂಡಿತ್ತು. ಹೀಗಾಗಿ ಕುವೆಂಪು ಹುಟ್ಟಿನಿಂದ ಕಡೂರು ಜಿಲ್ಲೆಯವರು, ಬೆಳೆದದ್ದರಿಂದ ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳ್ಳಿಯವರು.

ತಂದೆ ವೆಂಕಟಪ್ಪಗೌಡರು ತೀರಿಕೊಂಡಾಗ ಪುಟ್ಟಪ್ಪನಿಗೆ ಹನ್ನೆರಡು ವರ್ಷ. ಮನೆಯಲ್ಲಿ ಆರಂಭದ ಪಾಠ, ತೀರ್ಥಹಳ್ಳಿಯಲ್ಲಿ ಶಾಲೆ, ಆಮೇಲೆ ಮೈಸೂರಿನ ವೆಸ್ಲಿಯನ್ ಮಿಷನ್ ಹೈಸ್ಕೂಲು. ಮಲೆನಾಡಿನ ಹುಡುಗನೊಬ್ಬ ಮೈಸೂರು ತಲುಪುವುದು ಅಂದು ಸಣ್ಣ ಪ್ರಯಾಣವಾಗಿರಲಿಲ್ಲ. ತೀರ್ಥಹಳ್ಳಿಯಿಂದ ಶಿವಮೊಗ್ಗೆಗೆ ರಸ್ತೆಯ ದಾರಿ. ಶಿವಮೊಗ್ಗೆಯಲ್ಲಿ ರೈಲು ಹತ್ತಿದರೆ ಭದ್ರಾವತಿ, ತರೀಕೆರೆ ದಾಟಿ ಬೀರೂರು. ಅಲ್ಲಿ ಅಜ್ಜಂಪುರದ ಕಡೆಯಿಂದ ಬರುವ ಹುಬ್ಬಳ್ಳಿ ಮಾರ್ಗ ಸೇರಿಕೊಳ್ಳುತ್ತದೆ. ಮುಂದೆ ಕಡೂರು, ಅದಾದ ಮೇಲೆ ಅರಸೀಕೆರೆ. ಅರಸೀಕೆರೆಯಲ್ಲಿ ದಾರಿ ಕವಲೊಡೆಯುತ್ತದೆ. ಒಂದು ಹಾಸನದ ಮೇಲೆ ಮೈಸೂರಿಗೆ, ಇನ್ನೊಂದು ತುಮಕೂರಿನ ಮೇಲೆ ಬೆಂಗಳೂರಿಗೆ.

ಈ ಕವಲಿಗೆ ಅಂದಿನ ವಿದ್ಯಾರ್ಥಿಗಳ ಬದುಕಿನಲ್ಲಿ ವಿಶೇಷ ಅರ್ಥವಿತ್ತು. 1916ರಲ್ಲಿ ಸ್ಥಾಪನೆಯಾದ ಮೈಸೂರು ವಿಶ್ವವಿದ್ಯಾನಿಲಯ ತನ್ನ ವಿದ್ಯೆಯನ್ನು ಎರಡು ನಗರಗಳಿಗೆ ಹಂಚಿತ್ತು. ವಿಜ್ಞಾನ ಬೇಕೆಂದರೆ ಬೆಂಗಳೂರಿನ ಸೆಂಟ್ರಲ್ ಕಾಲೇಜು, ಸಾಹಿತ್ಯ, ಇತಿಹಾಸ, ತತ್ತ್ವಶಾಸ್ತ್ರ ಬೇಕೆಂದರೆ ಮೈಸೂರಿನ ಮಹಾರಾಜ ಕಾಲೇಜು. ವಿಷಯವನ್ನು ಆರಿಸುವುದೆಂದರೆ ಊರನ್ನು ಆರಿಸಿದಂತೆ, ಹತ್ತುವ ರೈಲನ್ನೂ ಆರಿಸಿದಂತೆ. ಪುಟ್ಟಪ್ಪನವರ ಪಾಲಿಗೆ ಬಂದದ್ದು ಮೈಸೂರು.

ಮಹಾರಾಜ ಕಾಲೇಜಿನ ವಿಶಾಲ ಅಂಗಳ

1920ರ ದಶಕದ ಮಹಾರಾಜ ಕಾಲೇಜು ಒಂದು ವಿಷಯದ ಗೋಡೆಯೊಳಗೆ ವಿದ್ಯಾರ್ಥಿಯನ್ನು ಕೂಡಿಹಾಕುವ ಜಾಗವಾಗಿರಲಿಲ್ಲ. ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದವರು ಬಂಗಾಳದ ಬ್ರಜೇಂದ್ರನಾಥ ಶೀಲ್. ಗಣಿತ, ತತ್ತ್ವಶಾಸ್ತ್ರ, ಪ್ರಾಚೀನ ಭಾರತದ ವಿಜ್ಞಾನದ ಚರಿತ್ರೆ, ಸಾಹಿತ್ಯ ವಿಮರ್ಶೆ ಎಲ್ಲದರಲ್ಲೂ ಪಾಂಡಿತ್ಯವಿದ್ದ ಅವರು 1930ರವರೆಗೆ ಆ ಹುದ್ದೆಯಲ್ಲಿದ್ದರು. ತತ್ತ್ವಶಾಸ್ತ್ರಕ್ಕೆ ಎ.ಆರ್. ವಾಡಿಯಾ, ಸಂಸ್ಕೃತಕ್ಕೆ ಎಂ. ಹಿರಿಯಣ್ಣ, ಇಂಗ್ಲಿಷಿಗೆ ಜೆ.ಸಿ. ರಾಲೊ. ಇದೇ ಆವರಣದಲ್ಲಿ ಕೆಲವೇ ವರ್ಷಗಳ ಹಿಂದೆ ಎಸ್. ರಾಧಾಕೃಷ್ಣನ್ ತತ್ತ್ವಶಾಸ್ತ್ರದ ಪಾಠ ಹೇಳಿದ್ದರು. ಇಂಥ ವಾತಾವರಣದಲ್ಲಿ ಓದುವ ಹುಡುಗನಿಗೆ ತತ್ತ್ವಶಾಸ್ತ್ರದಿಂದ ಕಾವ್ಯಕ್ಕೆ, ಕಾವ್ಯದಿಂದ ವೇದಾಂತಕ್ಕೆ ಹೋಗಿಬರುವುದು ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ನಡೆದಷ್ಟೇ ಸಹಜವಾಗಿತ್ತು.

ಪುಟ್ಟಪ್ಪನವರ ಒಳಗೂ ಮೂರು ಆಸಕ್ತಿಗಳು ಒಟ್ಟಿಗೇ ಬೆಳೆಯುತ್ತಿದ್ದವು. ಮೊದಲನೆಯದು ಇಂಗ್ಲಿಷ್ ಕಾವ್ಯ. ವರ್ಡ್ಸ್‌ವರ್ತ್, ಶೆಲ್ಲಿ, ಮಿಲ್ಟನ್ನರ ಓದು ಅವರನ್ನು ಹಿಡಿದಿತ್ತು. ಅವರ ಮೊದಲ ಪುಸ್ತಕವೇ ಇಂಗ್ಲಿಷ್ ಕವಿತೆಗಳದು. 1922ರಲ್ಲಿ ಪ್ರಕಟವಾದ ಆ ಪುಟ್ಟ ಸಂಕಲನದ ಹೆಸರು ಬಿಗಿನರ್ಸ್ ಮ್ಯೂಸ್. ಎರಡನೆಯದು ತತ್ತ್ವಶಾಸ್ತ್ರ. ಪದವಿಯಲ್ಲಿ ಅವರು ಆರಿಸಿಕೊಂಡ ಪ್ರಧಾನ ವಿಷಯ ಅದೇ. ಮೂರನೆಯದು ರಾಮಕೃಷ್ಣ-ವಿವೇಕಾನಂದರ ವೇದಾಂತ. ಮೈಸೂರಿನ ರಾಮಕೃಷ್ಣಾಶ್ರಮದ ಸ್ವಾಮಿ ಸಿದ್ಧೇಶ್ವರಾನಂದರ ಸಂಪರ್ಕ ಅವರಿಗೆ ದೊರೆಯಿತು. 1926ರಿಂದ ಸುಮಾರು ಹತ್ತು ವರ್ಷ ಆಶ್ರಮವೇ ಅವರ ಮನೆಯಾಯಿತು.

ಈ ಮೂರರ ಸಾಲಿನಲ್ಲಿ ಕನ್ನಡಕ್ಕೆ ಇನ್ನೂ ಸ್ಥಾನವಿರಲಿಲ್ಲ. ಆ ಜಾಗವನ್ನು ತೋರಿಸಿದವರು ಐರ್ಲೆಂಡಿನ ಕವಿ ಜೇಮ್ಸ್ ಕಸಿನ್ಸ್. 1924ರಲ್ಲಿ ಕಸಿನ್ಸ್ ಮೈಸೂರಿಗೆ ಬಂದಿದ್ದಾಗ ಪುಟ್ಟಪ್ಪ ತಮ್ಮ ಇಂಗ್ಲಿಷ್ ಕವಿತೆಗಳನ್ನು ಅವರ ಮುಂದಿಟ್ಟರು. ಮೆಚ್ಚುಗೆಯ ನಿರೀಕ್ಷೆಯಲ್ಲಿದ್ದ ತರುಣನಿಗೆ ದೊರೆತದ್ದು ಬೇರೆಯೇ ಮಾತು. ಸ್ವಂತ ಭಾಷೆಯಲ್ಲಿ ಏನು ಬರೆದಿದ್ದೀರಿ ಎಂಬುದು ಕಸಿನ್ಸರ ಪ್ರಶ್ನೆಯಾಗಿತ್ತು. ಪರಭಾಷೆಯಲ್ಲಿ ಬರೆದದ್ದು ಎಷ್ಟು ಚೆನ್ನಾಗಿದ್ದರೂ ಅನುಕರಣೆಯ ಮಟ್ಟವನ್ನು ದಾಟುವುದು ಕಷ್ಟ ಎಂಬುದು ಅವರ ಸಲಹೆಯ ಸಾರ. ಕನ್ನಡದಲ್ಲಿ ಹೊಸ ಭಾವಗಳಿಗೆ ತಕ್ಕ ಛಂದಸ್ಸು, ಪದಸಂಪತ್ತು ಇಲ್ಲವೆಂಬ ನಂಬಿಕೆಯಲ್ಲಿದ್ದ ವಿದ್ಯಾರ್ಥಿಗೆ ಆ ಮಾತು ಹಿಡಿಸಲಿಲ್ಲ. ಆದರೂ ಅದು ಮನಸ್ಸಿನಲ್ಲಿ ನೆಟ್ಟುಕೊಂಡಿತು. ಕಸಿನ್ಸರು ತಮ್ಮ ನಾಡಿನಲ್ಲಿ ಕಂಡಿದ್ದ ಸಾಹಿತ್ಯ ಪುನರುಜ್ಜೀವನದ ಅನುಭವ ಆ ಸಲಹೆಯ ಹಿಂದಿತ್ತು. ಅದೇ ವರ್ಷ ಪುಟ್ಟಪ್ಪ ಕನ್ನಡದಲ್ಲಿ ಬರೆಯತೊಡಗಿದರು.

1927ರ ಕವಲು

1927ರಲ್ಲಿ ಬಿ.ಎ. ಮುಗಿಯಿತು. ತತ್ತ್ವಶಾಸ್ತ್ರ ಓದಿದವರಿಗೆ ಎಂ.ಎ.ಯಲ್ಲೂ ಅದನ್ನೇ ಮುಂದುವರಿಸುವುದು ಸಹಜವಾದ ದಾರಿ. ಇಂಗ್ಲಿಷ್ ಆರಿಸಿಕೊಂಡರೆ ಗೌರವ, ಸಂಬಳ, ಸಮಾಜದಲ್ಲಿ ಸ್ಥಾನ ಮೂರೂ ಹೆಚ್ಚು. ಕನ್ನಡದ ಸ್ಥಿತಿ ಬೇರೆಯಾಗಿತ್ತು. ಕಾಲೇಜಿನಲ್ಲಿ ಕನ್ನಡ ಕಲಿಸುವವರೆಂದರೆ ಪಂಡಿತರು. ಪೇಟ ಕಟ್ಟಿಕೊಂಡು ಬಂದು ಹಳಗನ್ನಡದ ಪದ್ಯಕ್ಕೆ ಅನ್ವಯ ಹೇಳಿ ಹೋಗುವ ಅವರಿಗೆ ಇಂಗ್ಲಿಷ್ ಪ್ರಾಧ್ಯಾಪಕರ ಸಮಕ್ಕೆ ಸ್ಥಾನವಿರಲಿಲ್ಲ. ಪಾಠ ಹೇಳುವ ಮಾಧ್ಯಮ, ಆಡಳಿತದ ಭಾಷೆ, ಪ್ರತಿಷ್ಠೆಯ ಭಾಷೆ ಎಲ್ಲವೂ ಇಂಗ್ಲಿಷೇ ಆಗಿದ್ದ ಕಾಲದಲ್ಲಿ ಕನ್ನಡದಲ್ಲಿ ಎಂ.ಎ. ಮಾಡುವುದೆಂಬ ಕಲ್ಪನೆಯೇ ಹಲವರಿಗೆ ವಿಚಿತ್ರವಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ.

ಆ ವರ್ಷವೇ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕನ್ನಡ ಎಂ.ಎ. ತರಗತಿ ಆರಂಭವಾಯಿತು. ಇದು ಒಂದು ದಿನದ ತೀರ್ಮಾನವಾಗಿರಲಿಲ್ಲ. ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದರೂ ಕನ್ನಡದ ಏಳಿಗೆಗೆ ದುಡಿದ ಬಿ.ಎಂ. ಶ್ರೀಕಂಠಯ್ಯ 1911ರಷ್ಟು ಹಿಂದೆಯೇ ಧಾರವಾಡದಲ್ಲಿ ಕನ್ನಡ ತಲೆಯೆತ್ತುವ ಬಗೆಯನ್ನು ಕುರಿತು ಮಾತನಾಡಿದ್ದರು. 1926ರಲ್ಲಿ ಅವರ ಇಂಗ್ಲಿಷ್ ಗೀತಗಳು ಪ್ರಕಟವಾಗಿ ಕನ್ನಡ ಕಾವ್ಯಕ್ಕೆ ಹೊಸ ಲಯಗಳನ್ನು ತೋರಿಸಿತ್ತು. ಎ.ಆರ್. ಕೃಷ್ಣಶಾಸ್ತ್ರಿಗಳು 1919ರಲ್ಲಿ ಆರಂಭಿಸಿದ ಪ್ರಬುದ್ಧ ಕರ್ಣಾಟಕ ಪತ್ರಿಕೆ ಕಾಲೇಜು ವಿದ್ಯಾವಂತರನ್ನು ಕನ್ನಡದತ್ತ ಸೆಳೆಯುತ್ತಿತ್ತು. ಇವರ ಜೊತೆಯಲ್ಲಿ ನಿಂತವರು ತಳುಕಿನ ವೆಂಕಣ್ಣಯ್ಯ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನ ತಳುಕಿನಿಂದ ಬಂದ ಟಿ.ಎಸ್. ವೆಂಕಣ್ಣಯ್ಯ ಮೈಸೂರು ವಿಶ್ವವಿದ್ಯಾನಿಲಯದ ಮೊದಲ ಕನ್ನಡ ಪ್ರಾಧ್ಯಾಪಕರೆಂದು ಹೆಸರಾದವರು.

ಪುಟ್ಟಪ್ಪನವರನ್ನು ಕನ್ನಡ ಎಂ.ಎ.ಗೆ ತಿರುಗಿಸಿದ್ದರಲ್ಲಿ ವೆಂಕಣ್ಣಯ್ಯನವರ ಪಾತ್ರ ದೊಡ್ಡದು. ವಿದ್ಯಾರ್ಥಿಯೊಳಗಿನ ಕವಿಯನ್ನು ಅವರು ಗುರುತಿಸಿದ್ದರು. ಕವಿಗೆ ತನ್ನ ಭಾಷೆಯ ಸಾವಿರ ವರ್ಷದ ಬೇರು ತಿಳಿಯಬೇಕು, ಪಂಪ, ರನ್ನ, ಹರಿಹರ, ಕುಮಾರವ್ಯಾಸರ ಒಡನಾಟ ಒದಗಬೇಕು ಎಂಬುದು ಅವರ ದೃಷ್ಟಿ. ತತ್ತ್ವಶಾಸ್ತ್ರವನ್ನು ತರಗತಿಯ ಹೊರಗೂ ಓದಬಹುದು, ಆಶ್ರಮದಲ್ಲಂತೂ ಅದೇ ದಿನನಿತ್ಯದ ಉಸಿರು. ಹಳಗನ್ನಡ ಕಾವ್ಯ ಹಾಗಲ್ಲ. ಗುರುವಿನ ಮುಂದೆ ಕುಳಿತು ಸಾಲು ಸಾಲಾಗಿ ಓದದೆ ಅದು ಸುಲಭಕ್ಕೆ ತೆರೆದುಕೊಳ್ಳುವುದಿಲ್ಲ. ಇಂದಿನ ವಿದ್ಯಾರ್ಥಿಗಳೂ ಗಮನಿಸಬೇಕಾದ ವಿವೇಕ ಇದರಲ್ಲಿದೆ. ಸ್ವಂತವಾಗಿ ಓದಿಕೊಳ್ಳಬಹುದಾದುದು ಯಾವುದು, ಗುರುವಿಲ್ಲದೆ ಕೈಗೆ ಬಾರದುದು ಯಾವುದು ಎಂಬ ವಿಂಗಡಣೆ ಆದರೆ ಆಯ್ಕೆ ಅರ್ಧ ಮುಗಿದಂತೆ.

ಈ ಆಯ್ಕೆಗೆ ಇನ್ನೊಂದು ಮುಖವೂ ಇತ್ತು. ಅಂದಿನ ಮೈಸೂರು ಸಂಸ್ಥಾನದಲ್ಲಿ ಉನ್ನತ ಶಿಕ್ಷಣ ಮತ್ತು ಸರ್ಕಾರಿ ಹುದ್ದೆಗಳು ಬಹುಮಟ್ಟಿಗೆ ಬ್ರಾಹ್ಮಣ ಸಮುದಾಯದ ಕೈಯಲ್ಲಿದ್ದವು. ಹಿಂದುಳಿದ ವರ್ಗಗಳಿಗೆ ಅವಕಾಶ ಕಲ್ಪಿಸುವ ಬಗ್ಗೆ ಪರಿಶೀಲಿಸಲು 1918ರಲ್ಲಿ ನೇಮಕವಾದ ಮಿಲ್ಲರ್ ಸಮಿತಿ 1919ರಲ್ಲಿ ವರದಿ ನೀಡಿತ್ತು. ಹಳಗನ್ನಡ, ವ್ಯಾಕರಣ, ಛಂದಸ್ಸು, ಅಲಂಕಾರಶಾಸ್ತ್ರಗಳು ಸಂಸ್ಕೃತ ಬಲ್ಲ ಪಂಡಿತರ ಮನೆಯ ವಿದ್ಯೆಯೆಂದೇ ಎಣಿಕೆಯಾಗಿದ್ದ ಹೊತ್ತಿನಲ್ಲಿ ಮಲೆನಾಡಿನ ಒಕ್ಕಲಿಗರ ಮನೆಯ ತರುಣನೊಬ್ಬ ಆ ಅಂಗಳಕ್ಕೆ ಕಾಲಿಟ್ಟ. ಕೈಹಿಡಿದು ಕರೆದೊಯ್ದವರು ಬ್ರಾಹ್ಮಣ ಗುರು. ಮುಂದೆ ಶೂದ್ರ ತಪಸ್ವಿ ನಾಟಕವನ್ನು ಬರೆದು ವಿವಾದವನ್ನೂ ಎದುರಿಸಿದ ಲೇಖಕ, ತನ್ನ ಮಹಾಕಾವ್ಯವನ್ನು ಅರ್ಪಿಸಿದ್ದು ಇದೇ ಗುರುವಿಗೆ ಎಂಬುದನ್ನು ಮರೆಯುವಂತಿಲ್ಲ.

ಒಂದೇ ತರಗತಿ, ಎರಡು ದಾರಿ

ಕನ್ನಡ ಎಂ.ಎ.ಯ ಮೊದಲ ವಿದ್ಯಾರ್ಥಿಗಳಲ್ಲಿ ಪುಟ್ಟಪ್ಪನವರಲ್ಲದೆ ಡಿ.ಎಲ್. ನರಸಿಂಹಾಚಾರ್ ಕೂಡ ಇದ್ದರು. ಒಂದೇ ತರಗತಿ, ಒಂದೇ ಗುರುಗಳು, ಒಂದೇ ಗ್ರಂಥಗಳು. ಆದರೆ ಇಬ್ಬರೂ ಹಿಡಿದ ದಾರಿ ಬೇರೆ ಬೇರೆ. ಡಿಎಲ್ಎನ್ ತಾಳೆಗರಿ, ಪಾಠಾಂತರ, ವ್ಯಾಕರಣ, ನಿಘಂಟುಗಳ ಕಡೆಗೆ ಹೊರಳಿ ಕನ್ನಡ ಗ್ರಂಥಸಂಪಾದನಾ ಶಾಸ್ತ್ರಕ್ಕೆ ಅಡಿಪಾಯ ಹಾಕಿದರು. ಅವರ ಕನ್ನಡ ಗ್ರಂಥಸಂಪಾದನೆ ಇಂದಿಗೂ ಸಂಶೋಧಕರ ಕೈಪಿಡಿ. ಪುಟ್ಟಪ್ಪನವರು ಅದೇ ಹಳೆಯ ಕಾವ್ಯಗಳಿಂದ ಹೊಸ ಕಾವ್ಯಕ್ಕೆ ಬೇಕಾದ ಭಾಷೆಯನ್ನು ಪಡೆದರು. ಒಂದು ವಿಷಯವನ್ನು ಆರಿಸಿಕೊಂಡ ಮಾತ್ರಕ್ಕೆ ಬದುಕಿನ ದಿಕ್ಕು ಪೂರ್ತಿ ನಿಶ್ಚಯವಾಗುವುದಿಲ್ಲ, ಆ ವಿಷಯದೊಳಗೆ ಮತ್ತೆ ಕವಲುಗಳಿರುತ್ತವೆ ಎಂಬುದಕ್ಕೆ ಇವರಿಬ್ಬರಿಗಿಂತ ಒಳ್ಳೆಯ ನಿದರ್ಶನ ಸಿಗಲಾರದು.

ಕನ್ನಡವನ್ನು ಆಳವಾಗಿ ಓದುವುದೆಂದರೆ ಒಂದೇ ಶಾಸ್ತ್ರವನ್ನು ಓದುವುದಲ್ಲ ಎಂಬುದನ್ನು ತಿಳಿಯಲು ತರೀಕೆರೆಗೆ ಸಮೀಪದ ಅಮೃತಾಪುರಕ್ಕೆ ಹೋಗಿಬಂದರೆ ಸಾಕು. ಹೊಯ್ಸಳ ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ, 1196ರಲ್ಲಿ ನಿರ್ಮಾಣಗೊಂಡ ಅಮೃತೇಶ್ವರ ದೇವಾಲಯದ ಶಾಸನದ ಪದ್ಯಗಳು ಕವಿ ಜನ್ನನ ರಚನೆಯೆಂದು ಪ್ರಸಿದ್ಧ. ಆ ಕಲ್ಲನ್ನು ಓದಲು ಲಿಪಿ ಬೇಕು, ಪದ್ಯವನ್ನು ಅರಿಯಲು ಛಂದಸ್ಸು ಬೇಕು, ಹೆಸರುಗಳನ್ನು ಗುರುತಿಸಲು ಇತಿಹಾಸ ಬೇಕು, ದತ್ತಿಯ ವಿವರ ತಿಳಿಯಲು ಅಂದಿನ ಆರ್ಥಿಕ ವ್ಯವಸ್ಥೆಯ ಅರಿವು ಬೇಕು, ಗೋಡೆಯ ಮೇಲಿನ ರಾಮಾಯಣ, ಭಾಗವತ, ಮಹಾಭಾರತದ ಶಿಲ್ಪಪಟ್ಟಿಕೆಗಳನ್ನು ನೋಡಲು ಪುರಾಣ ಮತ್ತು ಕಲೆಯ ಪರಿಚಯ ಬೇಕು. ಕಡೂರು ತಾಲ್ಲೂಕಿನ ದೇವನೂರಿನ ಲಕ್ಷ್ಮೀಶನ ಜೈಮಿನಿ ಭಾರತವೂ ಅಷ್ಟೇ. ಅಕ್ಷರ ಬಾರದವರೂ ಗಮಕಿಗಳಿಂದ ಕೇಳಿ ಬಾಯಿಪಾಠ ಮಾಡಿಕೊಂಡ ಆ ಕಾವ್ಯವನ್ನು ಸಂಗೀತ, ಭಕ್ತಿ, ಜನಜೀವನಗಳಿಂದ ಬೇರೆ ಮಾಡಿ ಓದಲಾಗದು. ಅಜ್ಜಂಪುರದ ಹೆಸರನ್ನು ತಮ್ಮ ಹೆಸರಿನೊಂದಿಗೆ ಹೊತ್ತ ಸೀತಾರಾಂ, ಆನಂದ ಎಂಬ ಕಾವ್ಯನಾಮದಲ್ಲಿ ಬರೆದ ನಾನು ಕೊಂದ ಹುಡುಗಿ ಕತೆಯೂ ಸಾಹಿತ್ಯದ ಜೊತೆಗೆ ಸಮಾಜಶಾಸ್ತ್ರದ ಪ್ರಶ್ನೆಗಳನ್ನು ಎತ್ತುತ್ತದೆ. ಹೆಸರಿಗೆ ವಿಷಯ ಒಂದೇ, ಒಳಗೆ ಹಲವು ಶಾಸ್ತ್ರಗಳು.

ಬಿಟ್ಟ ವಿಷಯಗಳು ಬಿಟ್ಟುಹೋಗಲಿಲ್ಲ

ಪುಟ್ಟಪ್ಪನವರು 1929ರಲ್ಲಿ ಎಂ.ಎ. ಮುಗಿಸಿದರು. ಅದೇ ವರ್ಷ ಮಹಾರಾಜ ಕಾಲೇಜಿನಲ್ಲಿ ಕನ್ನಡ ಅಧ್ಯಾಪಕರಾದರು. ಅದೇ ವರ್ಷ ಸಿದ್ಧೇಶ್ವರಾನಂದರೊಂದಿಗೆ ಬೇಲೂರು ಮಠಕ್ಕೆ ಹೋಗಿ ಸ್ವಾಮಿ ಶಿವಾನಂದರಿಂದ ದೀಕ್ಷೆಯನ್ನೂ ಪಡೆದರು. ಕನ್ನಡದ ಹುದ್ದೆ ಮತ್ತು ವೇದಾಂತದ ದೀಕ್ಷೆ ಒಂದೇ ವರ್ಷದಲ್ಲಿ ಒದಗಿದ್ದು ಅವರ ಬದುಕಿನ ಸ್ವರೂಪವನ್ನೇ ಸೂಚಿಸುವಂತಿದೆ.

ಆಮೇಲಿನ ಬರವಣಿಗೆಯನ್ನು ನೋಡಿದರೆ ಅವರು ಬಿಟ್ಟರೆಂದು ತೋರುವ ಯಾವ ವಿಷಯವೂ ನಿಜಕ್ಕೂ ಬಿಟ್ಟುಹೋಗಲಿಲ್ಲ ಎಂಬುದು ಸ್ಪಷ್ಟವಾಗುತ್ತದೆ. ಇಂಗ್ಲಿಷ್ ಸಾಹಿತ್ಯದ ಓದು ಬೊಮ್ಮನಹಳ್ಳಿಯ ಕಿಂದರಿಜೋಗಿಯಾಗಿ ಕನ್ನಡ ಮಕ್ಕಳ ಬಾಯಲ್ಲಿ ನಲಿಯಿತು. ಬ್ರೌನಿಂಗ್ ಕವಿಯ ಕಥನಕವನದ ಎಳೆ ಹಿಡಿದು ಹುಟ್ಟಿದ ಅದು ಇಲಿಗಳನ್ನೂ ಜೋಗಿಯನ್ನೂ ತುಂಗಾತೀರಕ್ಕೆ ತಂದುಬಿಟ್ಟಿತು. ಷೇಕ್ಸ್‌ಪಿಯರನ ಟೆಂಪೆಸ್ಟ್ ಬಿರುಗಾಳಿಯಾಯಿತು, ಹ್ಯಾಮ್ಲೆಟ್ ರಕ್ತಾಕ್ಷಿಯಾಯಿತು. ವೇದಾಂತದ ಓದು ರಾಮಕೃಷ್ಣ ಪರಮಹಂಸ ಮತ್ತು ವಿವೇಕಾನಂದರ ಜೀವನಚರಿತ್ರೆಗಳಾಗಿ ಬಂದಿತು. 1936ರ ಕಾನೂರು ಹೆಗ್ಗಡಿತಿ ಮತ್ತು 1967ರ ಮಲೆಗಳಲ್ಲಿ ಮದುಮಗಳು ಕಾದಂಬರಿಗಳು ಮಲೆನಾಡಿನ ಸಮಾಜ, ಕೃಷಿ, ಜಾತಿ, ಕಾಡು, ಮತಾಂತರ, ಹೆಣ್ಣಿನ ಬದುಕುಗಳ ದಾಖಲೆಯೂ ಆಗಿವೆ. ಇತಿಹಾಸಕಾರರೂ ಸಮಾಜಶಾಸ್ತ್ರಜ್ಞರೂ ಪರಿಸರದ ಅಧ್ಯಯನಕಾರರೂ ಅವುಗಳ ಕಡೆಗೆ ಮರಳಿ ಮರಳಿ ಹೋಗುವುದು ಅದಕ್ಕಾಗಿಯೇ.

ತತ್ತ್ವಶಾಸ್ತ್ರದ ಬೆಳೆ ಬಂದದ್ದು ಎಲ್ಲಕ್ಕಿಂತ ದೊಡ್ಡ ಕೃತಿಯಲ್ಲಿ. ಶ್ರೀ ರಾಮಾಯಣ ದರ್ಶನಂ ಎಂಬ ಹೆಸರಿನಲ್ಲೇ ದರ್ಶನವಿದೆ. 1936ರಲ್ಲಿ ಆರಂಭಿಸಿ 1946ರಲ್ಲಿ ಮುಗಿಸಿದ, 22,000ಕ್ಕೂ ಹೆಚ್ಚು ಸಾಲುಗಳ ಈ ಮಹಾಕಾವ್ಯ 1949 ಮತ್ತು 1951ರಲ್ಲಿ ಎರಡು ಸಂಪುಟಗಳಾಗಿ ಪ್ರಕಟವಾಯಿತು. ವಾಲ್ಮೀಕಿಯ ಕಥೆ, ಪಂಪನ ಗಾಂಭೀರ್ಯ, ಮಿಲ್ಟನ್ನನ ಮಹಾಕಾವ್ಯದ ಬೀಸು, ಶ್ರೀ ಅರವಿಂದರ ವಿಕಾಸತತ್ತ್ವ ಇವೆಲ್ಲ ಅದರಲ್ಲಿ ಒಂದಾಗಿವೆ. ರಾವಣನೂ ಪಶ್ಚಾತ್ತಾಪದ ಮೂಲಕ ಉದ್ಧಾರದ ಕಡೆಗೆ ಸಾಗುವ, ಮಂಥರೆಗೂ ಮಮತೆಯ ಕಥೆಯೊಂದು ದೊರೆಯುವ ಈ ಕಾವ್ಯವನ್ನು ಹಳಗನ್ನಡ ಮಾತ್ರ ಬಲ್ಲವರು ಬರೆಯಲಾರರು, ತತ್ತ್ವಶಾಸ್ತ್ರ ಮಾತ್ರ ಬಲ್ಲವರೂ ಬರೆಯಲಾರರು. ಕೃತಿಗೆ 1955ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತು. 1967ನೆಯ ಸಾಲಿನ ಜ್ಞಾನಪೀಠ ಪ್ರಶಸ್ತಿಯನ್ನು ಗುಜರಾತಿಯ ಉಮಾಶಂಕರ ಜೋಶಿಯವರೊಂದಿಗೆ ಹಂಚಿಕೊಂಡ ಕುವೆಂಪು ಆ ಗೌರವ ಪಡೆದ ಮೊದಲ ಕನ್ನಡಿಗರಾದರು. ಆದರೆ ಕನ್ನಡದ ದಾರಿ ತೋರಿದ ವೆಂಕಣ್ಣಯ್ಯನವರು ಇದನ್ನು ಕಾಣಲು ಇರಲಿಲ್ಲ. ಕಾವ್ಯ ಇನ್ನೂ ರಚನೆಯಾಗುತ್ತಿದ್ದಾಗಲೇ, 1939ರ ಫೆಬ್ರವರಿಯಲ್ಲಿ ಅವರು ತೀರಿಕೊಂಡಿದ್ದರು. ಕಾವ್ಯದ ಆರಂಭದ ಅರ್ಪಣೆ ಅವರ ಹೆಸರಿಗೇ ಮೀಸಲಾಗಿ ಉಳಿಯಿತು.

ಅಧ್ಯಾಪಕ, ಆಡಳಿತಗಾರ

1936ರಲ್ಲಿ ಕುವೆಂಪು ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ ಹೋದರು. ವಿಜ್ಞಾನಕ್ಕೆ ಹೆಸರಾದ ಆ ಕಾಲೇಜಿನ ತರಗತಿಗಳಲ್ಲಿ ಕನ್ನಡ ಕಾವ್ಯದ ಪಾಠ ನಡೆಯಿತು. 1946ರಲ್ಲಿ ಮಹಾರಾಜ ಕಾಲೇಜಿನಲ್ಲಿ ಪ್ರಾಧ್ಯಾಪಕರು, 1955ರಲ್ಲಿ ಅದರ ಪ್ರಾಂಶುಪಾಲರು, 1956ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳು. ಅದೇ ವಿಶ್ವವಿದ್ಯಾನಿಲಯದಲ್ಲಿ ಓದಿ ಪದವಿ ಪಡೆದು ಅದರ ಕುಲಪತಿಯಾದವರಲ್ಲಿ ಅವರೇ ಮೊದಲಿಗರು. ಮೂವತ್ತು ವರ್ಷಗಳ ಹಿಂದೆ ಕೀಳೆಂದು ಕಂಡಿದ್ದ ವಿಷಯವನ್ನು ಆರಿಸಿಕೊಂಡಿದ್ದ ವಿದ್ಯಾರ್ಥಿ, ಕನ್ನಡದ ಅಧ್ಯಾಪಕನಾಗಿಯೇ ವಿಶ್ವವಿದ್ಯಾನಿಲಯದ ಅತ್ಯುನ್ನತ ಸ್ಥಾನಕ್ಕೆ ಏರಿದ್ದು ಕನ್ನಡ ವಿದ್ವತ್ತಿಗೇ ಸಂದ ಮನ್ನಣೆ ಎಂದರೆ ಅತಿಶಯೋಕ್ತಿಯಾಗಲಾರದು.

ಕುಲಪತಿಯಾಗಿ ಅವರು ಕಂಡ ದೊಡ್ಡ ಕನಸು ಮಾನಸಗಂಗೋತ್ರಿ. ಕಲೆ, ವಿಜ್ಞಾನಗಳೆಂದು ಎರಡು ಊರುಗಳಲ್ಲಿ ಹಂಚಿಹೋಗಿದ್ದ ಸ್ನಾತಕೋತ್ತರ ವಿದ್ಯೆ ಮೈಸೂರಿನ ಒಂದೇ ಆವರಣದಲ್ಲಿ ನೆಲೆಗೊಳ್ಳಲು ಅದರಿಂದ ಅವಕಾಶವಾಯಿತು. ಭೌತಶಾಸ್ತ್ರದ ವಿದ್ಯಾರ್ಥಿ ಮತ್ತು ಕನ್ನಡದ ವಿದ್ಯಾರ್ಥಿ ಒಂದೇ ರಸ್ತೆಯಲ್ಲಿ ನಡೆದು ಹೋಗುವ ಆವರಣವದು. 1960ರಲ್ಲಿ ಸ್ಥಾಪನೆಯಾದ ಅದಕ್ಕೆ ಹೆಸರಿಟ್ಟವರೂ ಅವರೇ. ಹಲವು ವಿದ್ಯೆಗಳ ಹೊಳೆಗಳು ಹುಟ್ಟುವ ತಾಣ ಎಂಬ ಭಾವ ಆ ಹೆಸರಿನಲ್ಲೇ ಇದೆ. ವಿಜ್ಞಾನವೂ ಕನ್ನಡದಲ್ಲಿ ಬರಬೇಕು, ಉನ್ನತ ಶಿಕ್ಷಣವೂ ಮಾತೃಭಾಷೆಯಲ್ಲಿ ದೊರೆಯಬೇಕು ಎಂಬ ಅವರ ಒತ್ತಾಯ ಕೊನೆಯವರೆಗೂ ಸಡಿಲವಾಗಲಿಲ್ಲ. ವೈಜ್ಞಾನಿಕ ದೃಷ್ಟಿ ವಿಜ್ಞಾನದ ವಿದ್ಯಾರ್ಥಿಗಳಿಗಷ್ಟೇ ಬೇಕಾದದ್ದಲ್ಲ, ಪ್ರತಿಯೊಬ್ಬ ಪ್ರಜೆಗೂ ಬೇಕಾದದ್ದು ಎಂಬುದನ್ನು ಅವರು ತರುಣರಿಗೆ ಮತ್ತೆ ಮತ್ತೆ ನೆನಪಿಸಿದರು.

ಅವರ ಶಿಷ್ಯರಲ್ಲೂ ಈ ವಿಶಾಲತೆ ಕಾಣುತ್ತದೆ. ಜಿ.ಎಸ್. ಶಿವರುದ್ರಪ್ಪ ಅವರ ಮಾರ್ಗದರ್ಶನದಲ್ಲಿ ಕೈಗೊಂಡ ಸೌಂದರ್ಯ ಸಮೀಕ್ಷೆ ಕಾವ್ಯ, ತತ್ತ್ವಶಾಸ್ತ್ರ ಮತ್ತು ಕಲಾಮೀಮಾಂಸೆಗಳ ಸಂಧಿಯಲ್ಲಿ ನಿಂತ ಅಧ್ಯಯನ. ಮಗ ಪೂರ್ಣಚಂದ್ರ ತೇಜಸ್ವಿ ಕೂಡ ಮೈಸೂರಿನಲ್ಲಿ ಕನ್ನಡ ಎಂ.ಎ. ಓದಿ, ಮೇಷ್ಟರ ಕೆಲಸಕ್ಕೆ ಹೋಗದೆ ಮೂಡಿಗೆರೆಯ ಕಡೆಗೆ ಬಂದು ಕೃಷಿ ಹಿಡಿದು, ಹಕ್ಕಿ, ಕೀಟ, ಕಾಡು, ವಿಜ್ಞಾನಗಳನ್ನು ಕನ್ನಡ ಕಥನದೊಳಕ್ಕೆ ತಂದರು. ಅಪ್ಪ ಹುಟ್ಟಿದ ಹಳೆಯ ಕಡೂರು ಜಿಲ್ಲೆಗೇ ಮಗ ಮರಳಿದಂತಾಯಿತು.

ಆಯ್ಕೆಯ ಹಿಂದಿನ ಆಸರೆ

ಕುವೆಂಪು ಅವರ ಆಯ್ಕೆ ಫಲ ಕೊಟ್ಟಿತು ಎಂದ ಮಾತ್ರಕ್ಕೆ ಅದನ್ನು ಕೇವಲ ಧೈರ್ಯದ ಕಥೆಯಾಗಿ ಓದುವುದು ಸರಿಯಲ್ಲ. ಅದರ ಹಿಂದೆ ಮೂರು ಆಸರೆಗಳಿದ್ದವು. ವಿದ್ಯಾರ್ಥಿಯ ಒಲವನ್ನು ಗುರುತಿಸಿದ ಗುರುವೊಬ್ಬರಿದ್ದರು. ಹೊಸ ವಿಷಯಕ್ಕೆ ಬಾಗಿಲು ತೆರೆದು, ಓದಿ ಮುಗಿಸಿದವರಿಗೆ ಅಧ್ಯಾಪಕ ಹುದ್ದೆಯನ್ನೂ ಕೊಟ್ಟ ವಿಶ್ವವಿದ್ಯಾನಿಲಯವಿತ್ತು. ಊಟ, ವಸತಿ, ಓದು ಮೂರಕ್ಕೂ ನೆಲೆಯಾದ ಆಶ್ರಮವಿತ್ತು. ಇವುಗಳಲ್ಲಿ ಒಂದು ಇಲ್ಲದಿದ್ದರೂ 1927ರ ತೀರ್ಮಾನ ಬೇರೆ ರೀತಿಯಲ್ಲಿ ಕೊನೆಗೊಳ್ಳಬಹುದಿತ್ತು. ಇಂದು ಪದವಿಗೆ ಕನ್ನಡವನ್ನೋ ತತ್ತ್ವಶಾಸ್ತ್ರವನ್ನೋ ಆರಿಸಿಕೊಳ್ಳಲು ಬಯಸುವ ಮಗುವಿಗೆ ಇಷ್ಟಪಟ್ಟದ್ದನ್ನು ಓದು ಎಂದು ಹೇಳುವುದು ಸುಲಭ. ಆ ಓದಿನ ಕೊನೆಯಲ್ಲಿ ಅದಕ್ಕೊಂದು ನೆಲೆಯನ್ನು ಒದಗಿಸುವ ಹೊಣೆ ಹೇಳುವವರದೂ ಹೌದು.

ಹಾಗೆಯೇ, ಆರಿಸಿಕೊಂಡ ವಿಷಯದಿಂದಲೇ ಎಲ್ಲವೂ ಆಗುವುದಿಲ್ಲ ಎಂಬುದನ್ನೂ ಈ ಬದುಕು ಹೇಳುತ್ತದೆ. ಒಂದರಲ್ಲಿ ಬೇರು ಬಿಡಬೇಕು, ಉಳಿದವುಗಳ ಕಡೆಗೆ ಕೊಂಬೆ ಚಾಚಬೇಕು. ಬೇರಿಲ್ಲದೆ ಹತ್ತು ವಿಷಯ ಓದಿದವನಿಗೆ ಯಾವುದೂ ಕೈಹತ್ತುವುದಿಲ್ಲ. ಕೊಂಬೆಯೇ ಇಲ್ಲದೆ ಒಂದೇ ವಿಷಯ ಓದಿದವನಿಗೆ ಬಯಲಿನ ಗಾಳಿ ಸೋಕುವುದಿಲ್ಲ. ಕುವೆಂಪು ಜಗತ್ತಿನ ಮುಂದಿಟ್ಟ ಪಂಚಮಂತ್ರಗಳಲ್ಲಿ ಮನುಜಮತ, ವಿಶ್ವಪಥ, ಸರ್ವೋದಯಗಳ ಜೊತೆಗೆ ಸಮನ್ವಯ ಮತ್ತು ಪೂರ್ಣದೃಷ್ಟಿಗಳೂ ಸೇರಿರುವುದು ಆಕಸ್ಮಿಕವಲ್ಲ. ಅವು ಸಮಾಜಕ್ಕೆ ಹೇಳಿದ ಆದರ್ಶಗಳು ನಿಜ. ಆದರೆ ಅವರ ಸ್ವಂತ ವಿದ್ಯಾಭ್ಯಾಸದಲ್ಲೂ ಅವು ಮೊದಲೇ ಅಭ್ಯಾಸವಾಗಿದ್ದವು.

1964ರಲ್ಲಿ ರಾಷ್ಟ್ರಕವಿ, 1988ರಲ್ಲಿ ಪದ್ಮವಿಭೂಷಣ, 1992ರಲ್ಲಿ ಕರ್ನಾಟಕ ರತ್ನ. ಗೌರವಗಳು ಒಂದರ ಹಿಂದೊಂದು ಬಂದವು. 1994ರ ನವೆಂಬರ್ 11ರಂದು ಮೈಸೂರಿನಲ್ಲಿ ಅವರು ನಿಧನರಾದರು. ಅಂತ್ಯಸಂಸ್ಕಾರ ನಡೆದದ್ದು ಕುಪ್ಪಳ್ಳಿಯ ಕವಿಶೈಲದಲ್ಲಿ.

ಶಿವಮೊಗ್ಗೆಯಿಂದ ಹೊರಟ ರೈಲು ಇಂದಿಗೂ ತರೀಕೆರೆ, ಬೀರೂರು, ಕಡೂರುಗಳನ್ನು ದಾಟಿಯೇ ಅರಸೀಕೆರೆಯ ಕವಲನ್ನು ಮುಟ್ಟುತ್ತದೆ. ಪುಸ್ತಕದ ಚೀಲ ಹೊತ್ತು ಆ ನಿಲ್ದಾಣಗಳಲ್ಲಿ ಕಾಯುವ ವಿದ್ಯಾರ್ಥಿಗಳು ಈಗ ವಿಷಯ ಆರಿಸಲು ಊರು ಬಿಡಬೇಕಿಲ್ಲ. ಕಾಲೇಜು ಹತ್ತಿರ ಬಂದಿದೆ. ಇನ್ನು ಬೇಕಾದುದು, ಅರ್ಜಿ ತುಂಬುವ ಮುನ್ನ ಅವರ ಪಕ್ಕದಲ್ಲಿ ಕುಳಿತು ಒಲವು ಯಾವ ಕಡೆಗಿದೆ ಎಂದು ವಿಚಾರಿಸುವ ಒಬ್ಬ ವೆಂಕಣ್ಣಯ್ಯ.